ದಿಬ್ಬದ ಆರು ಸಾಲು

ಮಾರ್ಚ್ 2

ನಾನು ಈ ಮನೆಯ ಹಿರಿಯಳು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲೇ ಈ ದ್ರಾಕ್ಷಿ ತೋಟದಲ್ಲಿ ನನ್ನ ಮಾತೇ ಕೊನೆಯ ಮಾತಾಗಿತ್ತು. ಅವರಿದ್ದಾಗ ಅದನ್ನು ಅವರ ಬಾಯಿಂದ ಹೇಳಿಸುತ್ತಿದ್ದೆ, ಅಷ್ಟೇ ವ್ಯತ್ಯಾಸ. ಹೈಸ್ಕೂಲು ಮುಗಿಸಿದವಳು ನಾನು. ಎಡಗೈಯಲ್ಲಿ ಬರೆದದ್ದಕ್ಕೆ ಮೇಷ್ಟರು ಬೆರಳ ಗೆಣ್ಣಿಗೆ ಬಾರಿಸಿ ಬಾರಿಸಿ ಬಳಪವನ್ನು ಬಲಗೈಗೆ ತಂದರು. ಮುಂದೆ ಕತ್ತರಿ ಹಿಡಿದಾಗ ಅದು ಎಡಗೈಯಲ್ಲೇ ಉಳಿಯಿತು. ಅದನ್ನು ಬದಲಾಯಿಸುವ ಧೈರ್ಯ ಯಾರಿಗೂ ಬರಲಿಲ್ಲ.

ನಲವತ್ತನಾಲ್ಕು ವರ್ಷದಿಂದ ದಿಬ್ಬದ ಮೇಲಿನ ಹಳೆಯ ಬಳ್ಳಿಗಳನ್ನು, ಕೊಂಬೆ ಕತ್ತರಿಸಿ, ಸವರುತ್ತಿದ್ದೇನೆ. ನಮ್ಮ ಬಾಟಲಿಯ ಚೀಟಿಯ ಮೇಲೆ ಹಾಗೆಂದೇ ಅಚ್ಚಾಗಿದೆ: ‘ಮನೆಯ ಯಜಮಾನಿಯ ಕೈಯಲ್ಲಿ ಸವರಿದ ಬಳ್ಳಿಗಳ ವೈನ್’. ದಿಬ್ಬದಲ್ಲಿ ಇರುವುದು ಹದಿನಾಲ್ಕೇ ಸಾಲು. ಕೆಳಗಿನ ಬಯಲು ತೋಟ ಯಾರ ಕತ್ತರಿಗೆ ಬೇಕಾದರೂ ಸಿಗಲಿ, ದಿಬ್ಬಕ್ಕೆ ಮಾತ್ರ ನಾನು ಮತ್ತು ತೋಟದ ಆಳುಗಳ ಮೇಸ್ತ್ರಿ. ಒಂದು ಸಾಲು ಮುಗಿಸಿದವರು ಮುಂದಿನ ಖಾಲಿ ಸಾಲಿಗೆ ಹೋಗುವುದು, ಮುಗಿದ ಸಾಲಿನ ಕೊನೆಯ ಕಂಬಕ್ಕೆ ತಮ್ಮ ಬಟ್ಟೆಯ ತುಂಡು ಕಟ್ಟುವುದು. ನನ್ನದು ಬಿಳಿ, ಅವನದು ನೀಲಿ. ಯಾರ ಕೆಲಸ ಯಾವುದು ಎಂದು ಬೇಸಿಗೆಯವರೆಗೂ ಗೊತ್ತಾಗಬೇಕು. ಈ ಪದ್ಧತಿ ಮಾಡಿದವಳು ನಾನೇ.

ನಾಳೆ ಶುರು. ಹಿಮದ ಭಯ ಕಳೆಯಲಿ ಎಂದು ದಿಬ್ಬವನ್ನು ಯಾವಾಗಲೂ ಕೊನೆಗೇ ಸವರುತ್ತೇವೆ.

ಈ ವರ್ಷ ತಪ್ಪಬಾರದು. ಜನವರಿಯಲ್ಲಿ ವ್ಯಾಪಾರಿ ಬಂದವನು ದಿಬ್ಬದ ವೈನನ್ನು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದು, “ಈ ಸಲ ತೆಳ್ಳಗಿದೆಯಲ್ಲ ಅಮ್ಮಾವ್ರೆ” ಎಂದ. ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಪೀಪಾಯಿ, ನೆಲಮಾಳಿಗೆ ಎಲ್ಲ ಮಗನ ಹೆಂಡತಿಯ ಉಸ್ತುವಾರಿ. “ಬಂಗಾರದಂಥ ಹಣ್ಣು ಕೊಟ್ಟೆ, ನೀನು ನೀರು ಮಾಡಿದೆ” ಎಂದು ವ್ಯಾಪಾರಿಯ ಎದುರಿಗೇ ಅವಳಿಗೆ ಹೇಳಿದೆ. ಅವಳು ಲೋಟ ತೊಳೆಯುತ್ತಿದ್ದಳು, ತೊಳೆಯುತ್ತಲೇ ಇದ್ದಳು. ಅಂದಿನಿಂದ ನಮ್ಮಿಬ್ಬರ ನಡುವೆ ಉಪ್ಪು, ಬೀಗದ ಕೈ, ಬಾಗಿಲು ಇವುಗಳ ಮಾತು ಬಿಟ್ಟು ಬೇರೆ ಇಲ್ಲ. ಮಗನನ್ನು ಕೇಳಿದರೆ “ಹೂಂ” ಎನ್ನುತ್ತಾನೆ. ಟ್ರ್ಯಾಕ್ಟರ್ ಓಡಿಸುವವನಿಗೆ ಅಷ್ಟು ಮಾತು ಸಾಕು ಎಂದು ಅವನ ಲೆಕ್ಕ.

ಮಾತಾಡಲು ಯಾರೂ ಇಲ್ಲವೆಂದು ಬರೆಯುತ್ತಿದ್ದೇನೆ ಎಂದಲ್ಲ. ಬರೆಯುತ್ತಿದ್ದೇನೆ, ಅಷ್ಟೆ.

ಮಾರ್ಚ್ 5

ಈ ವರ್ಷದಂಥ ಮಂಜನ್ನು ನಾನು ಕಂಡಿಲ್ಲ. ಮಧ್ಯಾಹ್ನವಾದರೂ ದಿಬ್ಬ ಬಿಟ್ಟು ಏಳುವುದಿಲ್ಲ. ಕೆಳಗೆ ಅಂಗಳದಲ್ಲಿ ಮಗನ ಹೆಂಡತಿ ಹರವಿದ ಹಾಸಿಗೆ ಬಟ್ಟೆ ಹತ್ತು ಗಂಟೆಗೆಲ್ಲ ಒಣಗಿತಂತೆ. ಅಂಗಳಕ್ಕೊಂದು ಹವೆ, ದಿಬ್ಬಕ್ಕೊಂದು ಹವೆ.

ಕೊಂಬೆಯಲ್ಲಿ ಎರಡು ಗೆಣ್ಣು, ಅಂದರೆ ಚಿಗುರೊಡೆಯುವ ಗಂಟು, ಬಿಡಬೇಕು, ಮೇಲಿನದನ್ನು ಕತ್ತರಿಸಬೇಕು. ಬುಡದ ಹತ್ತಿರ ಮುಂದಿನ ವರ್ಷಕ್ಕೆಂದು ಒಂದು ಮೋಟು ಕೊಂಬೆ ಉಳಿಸಬೇಕು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ಹತ್ತು ವರ್ಷ ಬೇಕು. ಗೆಣ್ಣು ಹೆಚ್ಚು ಬಿಟ್ಟರೆ ಗೊಂಚಲು ಹೆಚ್ಚು, ಗೊಂಚಲು ಹೆಚ್ಚಾದರೆ ರಸ ನೀರು. ಮೋಟನ್ನೇ ಕತ್ತರಿಸಿದರೆ ಬಳ್ಳಿಗೆ ನಾಳೆಯೇ ಇಲ್ಲ.

ಮೇಸ್ತ್ರಿ ಎರಡು ಸಲ ನನ್ನ ಸಾಲಿಗೆ ಬಂದ.

“ಚಳಿ ಅಮ್ಮಾವ್ರೆ. ನೀವು ಕೆಳಗೆ ಹೋಗಿ ಏನಾದ್ರೂ ಬಿಸಿ ಕುಡೀರಿ, ಉಳಿದದ್ದು ನಾನು ನೋಡ್ಕೋತೀನಿ.”

“ನನಗೆ ಚಳಿ ಆದ್ರೆ ನನಗೆ ಗೊತ್ತಾಗುತ್ತೆ, ನಿನಗಲ್ಲ.”

“ಹಾಗಲ್ಲ, ಬೆರಳಿಗೆ ಏಟಾಗಿದೆ ನಿಮಗೆ.”

ಹೆಬ್ಬೆರಳು ಕುಯ್ದುಹೋಗಿತ್ತು. ನೋಡಿಕೊಂಡಿರಲಿಲ್ಲ. “ನಿನ್ನ ಸಾಲು ನೋಡ್ಕೋ” ಎಂದೆ. ಮೂವತ್ತೊಂದು ವರ್ಷ ನನ್ನ ಕೈಕೆಳಗೆ ಇದ್ದವನು. ಇತ್ತೀಚೆಗೆ ಅಜ್ಜಿಯನ್ನು ರಸ್ತೆ ದಾಟಿಸುವವನ ಹಾಗೆ ಮಾತಾಡುತ್ತಾನೆ.

ಮಾರ್ಚ್ 6

ಮುಗಿಯಿತು. ನನ್ನದು ಆರು ಸಾಲು, ಅವನದು ಎಂಟು. ಹೋದ ವರ್ಷದವರೆಗೂ ಏಳು-ಏಳು. ಮಂಜಿಲ್ಲದಿದ್ದರೆ ಈಗಲೂ ಹಾಗೇ ಆಗುತ್ತಿತ್ತು.

ಕೋಣೆಯ ಬಲ್ಬು ಬದಲಿಸು ಎಂದು ಮಗನಿಗೆ ಮೂರನೆಯ ಸಲ ಹೇಳಿದೆ. ಬದಲಿಸಿದ್ದೇನೆ ಎನ್ನುತ್ತಾನೆ. ಈಗಿನ ಬಲ್ಬುಗಳಲ್ಲಿ ಸತ್ತ್ವವಿಲ್ಲ.

ಮಾರ್ಚ್ 28

ಬಳ್ಳಿ ನೀರು ಸುರಿಸುತ್ತಿದೆ. ಕತ್ತರಿಸಿದ ಜಾಗದಿಂದ ತೊಟ್ಟು ತೊಟ್ಟಾಗಿ ಬೀಳುತ್ತದೆ. ಹೊಸಬರು ಬಳ್ಳಿ ಅಳುತ್ತದೆ ಎನ್ನುತ್ತಾರೆ. ಅಳುವುದಲ್ಲ, ನೆಲ ಬೆಚ್ಚಗಾಗಿ ಬೇರು ಎಚ್ಚರವಾದದ್ದು. ಅಳುವುದಾಗಿದ್ದರೆ ನಾನು ಸಹಿಸುತ್ತಿರಲಿಲ್ಲ.

ಏಪ್ರಿಲ್ 11

ಇಂದು ಮೇಸ್ತ್ರಿಯನ್ನು ತೆಗೆದು ಹಾಕಿದೆ.

ಹೆಚ್ಚಿನ ಚಿಗುರು ಬಿಡಿಸಲು ಕೂಲಿಯ ಹೆಂಗಸರು ಬೆಳಿಗ್ಗೆ ಏಳಕ್ಕೇ ದಿಬ್ಬ ಹತ್ತಿದ್ದರು. ನಾನು ಹೋಗುವಷ್ಟರಲ್ಲಿ ಗುಸುಗುಸು ಎದ್ದಿತ್ತು. ಅವರಲ್ಲಿ ಒಬ್ಬಳಿದ್ದಾಳೆ, ನಾನು ಗಟ್ಟಿಬಾಯಿ ಎಂದೇ ಕರೆಯುತ್ತೇನೆ, ಬೇರೆಯವರು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಅವಳು ಕೂಗಿ ಹೇಳುತ್ತಾಳೆ.

“ಅಮ್ಮಾವ್ರೆ, ಇಲ್ಲಿ ಬನ್ನಿ! ಇದೇನು ಬಳ್ಳಿಯೋ ಪೊರಕೆಯೋ?”

ಕೈ ಹಾಕಿ ನೋಡಿದೆ. ಒಂದು ಬಳ್ಳಿಯಲ್ಲಿ ಏಳೆಂಟು ಗೆಣ್ಣು ಹಾಗೇ ಬಿಟ್ಟು ಚಿಗುರು ಪೊದೆಯಾಗಿದೆ. ಅದರ ಪಕ್ಕದ್ದನ್ನು ಬೋಳಿಸಿಬಿಟ್ಟಿದ್ದಾರೆ, ಮುಂದಿನ ವರ್ಷದ ಮೋಟೂ ಇಲ್ಲ. ಇನ್ನೊಂದರಲ್ಲಿ ಒಣಗಿದ ಕೊಂಬೆ ಉಳಿಸಿ ಜೀವವಿರುವ ಕೊಂಬೆಯನ್ನೇ ಕತ್ತರಿಸಿದ್ದಾರೆ. ಹೀಗೇ ಸಾಲುದ್ದಕ್ಕೂ. ಇಂಥವು ಆರು ಸಾಲು. ಮಾವನವರು ನೆಟ್ಟ ಬಳ್ಳಿಗಳು, ನನಗಿಂತ ಹಿರಿಯವು.

ಕೊನೆಯ ಕಂಬಕ್ಕೆ ಹೋದೆ. ನೀಲಿ. ಆರಕ್ಕೆ ಆರೂ ನೀಲಿ. ನನ್ನ ಬಿಳಿ ಬಟ್ಟೆಯ ಸಾಲುಗಳು ಎಂದಿನಂತೆ ಬಾಚಿ ಹೆಣೆದ ಜಡೆಯ ಹಾಗಿದ್ದವು.

ಮೇಸ್ತ್ರಿಯನ್ನು ಕರೆಸಿ ಎಲ್ಲರೆದುರಿಗೆ ಕೇಳಿದೆ. “ಇದು ಯಾರ ಬಟ್ಟೆ?”

“ನನ್ನದೇ ಅಮ್ಮಾವ್ರೆ.”

“ಕುಡಿದು ಕತ್ತರಿ ಹಿಡಿದಿದ್ಯಾ?”

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ.

“ಕುರಿ ನುಗ್ಗಿದ್ರೂ ಇಷ್ಟು ಹಾಳಾಗ್ತಿರಲಿಲ್ಲ. ಕುರಿಗಾದ್ರೂ ಹಸಿವಿರುತ್ತೆ. ನಿನಗೇನಿತ್ತು? ಇನ್ಮೇಲೆ ಈ ತೋಟದೊಳಗೆ ಕಾಲಿಡಬೇಡ.”

“ಆಗ್ಲಿ ಅಮ್ಮಾವ್ರೆ” ಎಂದ. ಟೋಪಿ ಹಾಕಿಕೊಂಡು ಇಳಿದು ಹೋದ. ಒಂದು ಮಾತು ವಾದಿಸಲಿಲ್ಲ. ತಪ್ಪಿದ್ದವನು ವಾದಿಸುವುದಿಲ್ಲ.

ಅವನ ಎಂಟರಲ್ಲಿ ಎರಡು ಸಾಲು ಮಾತ್ರ ಸರಿಯಾಗಿವೆ. ಎರಡನ್ನು ಅಷ್ಟು ಚೆನ್ನಾಗಿ ಸವರಿದವನಿಗೆ ಉಳಿದ ಆರರಲ್ಲಿ ಏನಾಯಿತು?

ಏಪ್ರಿಲ್ 12

ಮಗನ ಹೆಂಡತಿ ಇಂದು ತಾನಾಗಿ ಮಾತಾಡಿದಳು. “ಅತ್ತೆ, ದುಡುಕಿದ್ರಿ.”

“ಬಳ್ಳಿ ನೋಡಿದ್ಯಾ?”

“ನೋಡ್ದೆ.”

“ಮತ್ತೆ?”

ಬೀಗದ ಕೈ ತೆಗೆದುಕೊಂಡು ನೆಲಮಾಳಿಗೆಗೆ ಇಳಿದಳು.

ಏಪ್ರಿಲ್ 20

ಬಾಟಲಿಗೆ ಬಿರಡೆ ಮಾರುವವನು ಬಂದಿದ್ದ. ಮೇಸ್ತ್ರಿ ರಸ್ತೆಯಾಚೆಯ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದಾನಂತೆ. ಇಡೀ ದಿನ ತಣ್ಣೀರಲ್ಲಿ ಕೈ. ಈ ಸುತ್ತಿನಲ್ಲೇ ಅವನಂತೆ ಸವರುವವನು, ನನ್ನನ್ನು ಬಿಟ್ಟರೆ, ಇನ್ನೊಬ್ಬನಿಲ್ಲ. ಬೇರೆ ತೋಟದವರು ಕರೆಯಲಿಲ್ಲವೇ ಎಂದು ಕೇಳಿದೆ. “ನೀವು ತೆಗೆದು ಹಾಕಿದವನನ್ನ ಯಾರು ಕರೀತಾರೆ ಅಮ್ಮಾವ್ರೆ?” ಎಂದ. ಹೊಗಳಿಕೆಯಾಗಿ ಹೇಳಿದ. ಹೊಗಳಿಕೆಯಾಗಿ ಕೇಳಿಸಲಿಲ್ಲ.

ರಾತ್ರಿಯ ಊಟ ಸೇರಲಿಲ್ಲ. ಗಾಳಿ ಜೋರಾಗಿದೆ.

ಏಪ್ರಿಲ್ 26

ಹಾಳಾದ ಸಾಲುಗಳನ್ನು ಹೇಗೆ ಉಳಿಸಬೇಕೆಂದು ಸೊಸೆಗೆ ತೋರಿಸಲು ಹೋದೆ. ಅವಳೇ ಕೇಳಿದ್ದಳು. ತಲೆ ಕಳೆದುಕೊಂಡ ಬಳ್ಳಿಯ ಕಾಂಡದಲ್ಲಿ ಕೆಲವೊಮ್ಮೆ ಹೊಸ ಚಿಗುರು ಒಡೆಯುತ್ತದೆ. ಬೇರೆ ವರ್ಷವಾದರೆ ಅದನ್ನು ಕಿತ್ತು ಎಸೆಯುತ್ತೇವೆ. ಈಗ ಅದೇ ದಿಕ್ಕು. ಅದನ್ನು ಮೇಲಕ್ಕೆ ಕಟ್ಟಿ ಬೆಳೆಸಿದರೆ ಮೂರು ವರ್ಷಕ್ಕೆ ಮತ್ತೆ ಬಳ್ಳಿಯಾಗುತ್ತದೆ.

ಮಂಡಿಯೂರಿ ಕೂತು ಚಿಗುರು ಹುಡುಕಲು ಕಾಂಡದ ಮೇಲೆ ಕೈಯಾಡಿಸಿದೆ. ಕೊಂಬೆ ಕತ್ತರಿಸಿದ ಜಾಗಕ್ಕೆ ಹೆಬ್ಬೆರಳು ಬಂತು.

ಕತ್ತರಿಯ ಗುರುತಿಗೆ ಒಂದು ಓರೆ ಇರುತ್ತದೆ. ಬಲಗೈಯವರು ಕತ್ತರಿಸಿದರೆ ಅದು ಒಂದು ಕಡೆಗೆ ಜಾರುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಮೂವತ್ತು ಜನ ಸವರಿದ ತೋಟದಲ್ಲೂ ನನ್ನ ಕೆಲಸವನ್ನು ಹೆಬ್ಬೆರಳಿನಿಂದ ಹೇಳಬಲ್ಲೆ. ಈ ತೋಟದಲ್ಲಿ ಎಡಚಿ ನಾನೊಬ್ಬಳೇ.

ಮುಂದಿನ ಬಳ್ಳಿ ಮುಟ್ಟಿದೆ. ಅದರ ಮುಂದಿನದು. ಎಡಗೈ. ಸಾಲು ಮುಗಿಯುವವರೆಗೂ ಮಂಡಿಯ ಮೇಲೇ ಹೋದೆ. ಆಮೇಲೆ ಎದ್ದು ಬಿಳಿ ಬಟ್ಟೆಯ ಸಾಲಿಗೆ ಹೋಗಿ ಮುಟ್ಟಿದೆ. ಬಲಗೈ. ಎಲ್ಲ ಬಲಗೈ.

ಸೊಸೆ ಹಿಂದೆಯೇ ಬಂದಳು. ಇಳಿಯುವಾಗ ನನ್ನ ಮೊಣಕೈ ಹಿಡಿದಳು. ಕೊಡವಿಕೊಳ್ಳಲಿಲ್ಲ, ದಾರಿ ಕಲ್ಲುಕಲ್ಲಾಗಿತ್ತು.

ಏಪ್ರಿಲ್ 27

ಏನೂ ಇಲ್ಲ.

ಏಪ್ರಿಲ್ 28

ನೆಲಮಾಳಿಗೆಗೆ ಇಳಿದೆ. ಸೊಸೆ ಪೀಪಾಯಿಯ ಬಾಯಿ ಒರೆಸುತ್ತಿದ್ದಳು.

“ನಿನಗೆ ಗೊತ್ತಿತ್ತಾ?”

“ಹೋದ ವರ್ಷದಿಂದ.”

“ಹೋದ ವರ್ಷದಿಂದ ಅಂದ್ರೆ?”

“ಹೋದ ವರ್ಷ ನಿಮ್ಮ ಸಾಲಲ್ಲೆಲ್ಲ ನಾಲ್ಕು ಗೆಣ್ಣು, ಐದು ಗೆಣ್ಣು ಉಳಿದಿತ್ತು ಅತ್ತೆ. ಗೊಂಚಲು ಎರಡರಷ್ಟು ಬಂತು. ಎಲ್ಲರೂ ಖುಷಿಪಟ್ಟರು. ಹಿಂಡಿದಾಗಲೇ ನನಗೆ ಗೊತ್ತಾಯ್ತು, ಬಣ್ಣ ಇಲ್ಲ, ಮೈ ಇಲ್ಲ. ನೀರಾಗೇ ಬಂದದ್ದನ್ನ ಪೀಪಾಯಿ ಏನು ಮಾಡುತ್ತೆ?”

ತೆಳ್ಳಗಿದೆ ಎಂದಿದ್ದ ವ್ಯಾಪಾರಿ. ನೀನು ನೀರು ಮಾಡಿದೆ ಎಂದಿದ್ದೆ ನಾನು.

“ಆವತ್ತೇ ಯಾಕೆ ಹೇಳಲಿಲ್ಲ?”

“ಬೆಕ್ಕಿಗೆ ಗಂಟೆ ಕಟ್ಟೋರು ಯಾರು?”

“ನಾನು ಬೆಕ್ಕಾ?”

“ಬೆಕ್ಕಾಗಿದ್ರೆ ಕಟ್ತಿದ್ದೆ ಅತ್ತೆ.”

ನಗು ಬರುವ ಹೊತ್ತಾಗಿರಲಿಲ್ಲ. ಸ್ವಲ್ಪ ಬಂತು. ಅವಳಿಗೂ ಬಂತೇನೋ, ಆ ಕತ್ತಲಲ್ಲಿ ಮುಖ ಕಾಣಲಿಲ್ಲ. ಮೇಲೆ ಬಂದು ನೋಡಿದೆ, ನೆಲಮಾಳಿಗೆಯ ದೀಪ ಉರಿಯುತ್ತಲೇ ಇತ್ತು.

ಮೇ 1

ಸೊಸೆಯೇ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಕಣ್ಣಿನ ಡಾಕ್ಟರು ನನ್ನ ಅರ್ಧ ವಯಸ್ಸಿನವರು. ಎಡಗಣ್ಣಿನ ಪೊರೆ ತೆಗೆಯಬಹುದಂತೆ. ಬಲಗಣ್ಣಿನದು ಪೊರೆಯಲ್ಲ, ಒಳಗಿನಿಂದ ಹೋಗಿದೆ, ಇನ್ನು ಬರುವುದಿಲ್ಲವಂತೆ. “ಎಷ್ಟು ದಿನದಿಂದ ಮಂಜು ಮಂಜು?” ಎಂದು ಕೇಳಿದರು.

ಮಾರ್ಚ್‌ನಿಂದ ಎಂದೆ. ಪಕ್ಕದಲ್ಲಿ ಕೂತಿದ್ದ ಸೊಸೆ ತಿದ್ದಲಿಲ್ಲ.

ಮೇ 3

ಮೇಸ್ತ್ರಿಯ ಮನೆಗೆ ಹೋದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಎರಡು ಕೋಣೆ, ಒರೆಸಿ ಇಟ್ಟ ಮೇಜು, ಕಿಟಕಿಯಲ್ಲಿ ಡಬ್ಬಿಯೊಳಗೆ ನೆಟ್ಟ ಒಂದು ದ್ರಾಕ್ಷಿ ಕಡ್ಡಿ. ಬಾಗಿಲು ತೆರೆದದ್ದು ಅವನ ಹೆಂಡತಿ.

“ಓಹೋ, ಅಮ್ಮಾವ್ರು. ಬನ್ನಿ ಬನ್ನಿ. ನಮ್ಮನೇಲಿ ಹಾಳು ಮಾಡೋಕೆ ಬಳ್ಳಿ ಇರೋದು ಒಂದೇ, ಹೆದರಬೇಡಿ.”

“ಸುಮ್ನಿರೇ” ಎಂದ ಅವನು ಒಳಗಿನಿಂದ.

“ಸುಮ್ನಿದ್ದು ಸುಮ್ನಿದ್ದು ನಿಮ್ಮ ಕೈ ನೋಡ್ಕೊಳ್ಳಿ.”

ಅವನ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು, ಅಲ್ಲಲ್ಲಿ ಒಡೆದಿದ್ದವು. ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ.

“ಕಂಬದ ಬಟ್ಟೆ ಬದಲಾಯಿಸಿದ್ದು ನೀನು.”

“ಹೌದು.”

“ಯಾಕೆ?”

“ನಿಮ್ಮ ಬಿಳಿ ಬಟ್ಟೆ ಆ ಸಾಲಲ್ಲಿ ಕಂಡ್ರೆ ಹೆಂಗಸರು ನಗ್ತಾರೆ ಅಂತ. ಅವರೆಲ್ಲ ನಿಮ್ಮ ಹೆಸರು ಕೇಳಿದ್ರೆ ನೆಟ್ಟಗೆ ನಿಲ್ಲೋರು. ನನ್ನ ಮೇಲೆ ಬಂದ್ರೆ ಎರಡು ಬೈಗುಳ, ಒಂದು ದಿನ ಮುಖ ಗಂಟು, ಅಷ್ಟೇ ಅಂದ್ಕೊಂಡೆ. ಕೆಲಸವೇ ಹೋಗುತ್ತೆ ಅಂತ ಅಂದ್ಕೊಳ್ಳಲಿಲ್ಲ ಅಮ್ಮಾವ್ರೆ.”

ನನಗೆ ಬಂದದ್ದು ಸಿಟ್ಟು. “ನನ್ನ ಮಾನ ಕಾಯೋಕೆ ನಿನ್ನ ಯಾರು ಕೇಳಿದ್ರು? ಆವತ್ತು ಎಲ್ಲರೆದುರು ಹೇಳೋಕಾಗ್ತಿರಲಿಲ್ವಾ?”

“ಮೂವತ್ತೊಂದು ವರ್ಷ ನಿಮ್ಮೆದುರು ಮಾತಾಡಿ ಅಭ್ಯಾಸ ಇಲ್ಲವಲ್ಲ.”

ವಾಪಸ್ ಬಾ ಎಂದೆ. ಬರುತ್ತೇನೆ ಎಂದ, ಆದರೆ ವಿಷಯ ಇಲ್ಲೇ ಇರಲಿ, ಜನ ಆಡಿಕೊಳ್ಳುತ್ತಾರೆ, ನಾಳೆಯಿಂದ ಸುಮ್ಮನೆ ಕೆಲಸಕ್ಕೆ ಬಂದುಬಿಡುತ್ತೇನೆ ಎಂದ.

ಹೆಂಡತಿ ನಡುವೆ ಬಂದಳು. “ಸುಮ್ಮನೆ ಹೋದ್ರೆ ಏನಾಯ್ತು? ತಪ್ಪು ಮಾಡಿದ್ದ, ಅಮ್ಮಾವ್ರು ಕನಿಕರಪಟ್ಟು ಸೇರಿಸ್ಕೊಂಡ್ರು ಅಂತಾರೆ. ಬಾಟಲಿ ತೊಳೆಯೋದೇ ವಾಸಿ. ಅಷ್ಟು ಜನರ ಮುಂದೆ ಬೈದವರು ಅಷ್ಟು ಜನರ ಮುಂದೆ ಹೇಳಲಿ.”

ಅವನು ತಲೆ ತಗ್ಗಿಸಿದ. ಅವಳು ತಗ್ಗಿಸಲಿಲ್ಲ. ಆ ಹೆಂಗಸು ನನಗೆ ಹಿಡಿಸಿದಳು. ಹೇಳಲಿಲ್ಲ.

ಮೇ 7

ನಾಲ್ಕು ದಿನ ಯೋಚಿಸಿದೆ. ಹೇಳಿದರೆ ಅದು ಈ ದಿಬ್ಬದ ಮೇಲೆಯೇ ಉಳಿಯುವುದಿಲ್ಲ. ಬಿರಡೆಯವನ ಬಾಯಿಗೆ, ಅಲ್ಲಿಂದ ವ್ಯಾಪಾರಿಯ ಕಿವಿಗೆ. ಚೀಟಿಯ ಮೇಲೆ ಅಚ್ಚಾಗಿರುವುದು ನನ್ನ ಕೈ. ಆ ಕೈ ಬಳ್ಳಿ ಕೊಂದಿತು ಎಂದಾದರೆ ದಿಬ್ಬದ ವೈನಿಗೆ ಏನು ಉಳಿಯುತ್ತದೆ? ಮಾವನವರ ಕಾಲದಿಂದ ಬಂದ ಹೆಸರು. ಹೇಳದಿದ್ದರೆ ಒಬ್ಬ ಮನುಷ್ಯ ತಣ್ಣೀರಲ್ಲಿ ಕೈ ಅದ್ದಿಕೊಂಡು ಇರುತ್ತಾನೆ. ಅವನೇನೂ ದೂರುವುದಿಲ್ಲ. ದೂರದಿರುವುದೇ ಕಷ್ಟ.

ಮಗನನ್ನು ಕೇಳಿದೆ, ಏನು ಮಾಡಲಿ ಎಂದು. ಈ ಪ್ರಶ್ನೆ ಅವನಿಗೆ ನಾನು ಎಂದೂ ಕೇಳಿರಲಿಲ್ಲ. ಗಾಬರಿಯಾಗಿ “ಹೂಂ” ಎಂದ. ಆಮೇಲೆ ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಮೇಸ್ತ್ರಿ ಇಲ್ದೆ ದಿಬ್ಬಕ್ಕೆ ಹೋಗೋಕೆ ಮನಸ್ಸು ಬರಲ್ಲಮ್ಮ” ಎಂದ.

ಮೇ 12

ಹತ್ತೊಂಬತ್ತು ಬಳ್ಳಿ ಸತ್ತಿವೆ. ಉಳಿದವು ಉಳಿಯುತ್ತವೋ ಇಲ್ಲವೋ ಮುಂದಿನ ವರ್ಷ ಗೊತ್ತಾಗಬೇಕು.

ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ದಿಬ್ಬಕ್ಕೆ ಕರೆಸಿದೆ. ಮೇಸ್ತ್ರಿ ಹೆಂಡತಿಯ ಜೊತೆ ಬಂದಿದ್ದ, ಅವಳೇ ಎಳೆದು ತಂದಿದ್ದಳು. ಏಪ್ರಿಲ್ ಹನ್ನೊಂದರಂದು ಇದ್ದವರೆಲ್ಲ ಇದ್ದರು. ಈ ಆರು ಸಾಲು ಸವರಿದ್ದು ನಾನು, ನನಗೆ ಕಣ್ಣು ಕಾಣುತ್ತಿರಲಿಲ್ಲ, ಒಪ್ಪಿಕೊಳ್ಳಲಿಲ್ಲ, ಮೇಸ್ತ್ರಿಯದು ತಪ್ಪಿಲ್ಲ ಎಂದೆ. ಹೋದ ವರ್ಷದ ವೈನ್ ತೆಳ್ಳಗಾದದ್ದೂ ನನ್ನಿಂದಲೇ, ನನ್ನ ಸೊಸೆಯಿಂದಲ್ಲ ಎಂದೆ.

ಗಟ್ಟಿಬಾಯಿ ಕೂಗಿದಳು.

“ಅಮ್ಮಾವ್ರೆ, ಆವತ್ತು ಬೈದಷ್ಟು ಗಟ್ಟಿಯಾಗಿ ಹೇಳಿ. ಹಿಂದಿದ್ದವರಿಗೆ ಕೇಳಿಸಲಿಲ್ಲ.”

ಕೆಲವರು ತಲೆ ತಗ್ಗಿಸಿದರು, ನಗು ಮುಚ್ಚಿಕೊಳ್ಳಲು. ಮೇಸ್ತ್ರಿ “ಸಾಕು ಬಿಡಮ್ಮ” ಎಂದು ಅವಳನ್ನು ಗದರಿದ. ನಾನು ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಮೊದಲಿನಿಂದ ಹೇಳಿದೆ. ಕೆಳಗಿನ ರಸ್ತೆಗೂ ಕೇಳಿಸಿರಬೇಕು.

ಆಮೇಲೆ ಮೇಸ್ತ್ರಿಗೆ, ಇನ್ನು ದಿಬ್ಬ ನಿನ್ನದು, ಏನು ಮಾಡಬೇಕು ಹೇಳು ಎಂದೆ. ಅವನು ಒಂದು ಸಾಲಿನುದ್ದಕ್ಕೂ ಬಳ್ಳಿ ಮುಟ್ಟಿ ನೋಡುತ್ತಾ ನಡೆದು ಬಂದ. “ಈ ಆರರಿಂದ ಈ ವರ್ಷ ಹಣ್ಣು ಕೇಳಬಾರದು ಅಮ್ಮಾವ್ರೆ. ಹಸಿದವನ ತಲೆ ಮೇಲೆ ಮೂಟೆ ಹೊರಿಸಿದ ಹಾಗಾಗುತ್ತೆ. ಹೂಗೊಂಚಲು ಎಲ್ಲ ಕಿತ್ತು ಹಾಕೋಣ, ಜೀವ ಉಳೀಲಿ.” ಹತ್ತೂವರೆಯವರೆಗೆ ಕಿತ್ತೆವು. ನಾನೂ ಕಿತ್ತೆ. ಇನ್ನೂ ಅರಳದ, ಸಾಸಿವೆ ಕಾಳಿನಷ್ಟು ಸಣ್ಣ ಮೊಗ್ಗುಗಳು. ಅವಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು.

ಕೆಳಗೆ ಬಂದು ಸೊಸೆಗೆ ಕಾಗದ ತೆಗೆದುಕೊಳ್ಳಲು ಹೇಳಿದೆ. ವ್ಯಾಪಾರಿಗೆ ಪತ್ರ. ಈ ವರ್ಷ ದಿಬ್ಬದ ವೈನ್ ಇಲ್ಲ, ಹಳೆಯ ಚೀಟಿ ಇನ್ನು ಅಚ್ಚಾಗುವುದಿಲ್ಲ ಎಂದು ಬರೆಸಿದೆ.

“ಎಂಟು ಸಾಲು ಚೆನ್ನಾಗೇ ಇದೆಯಲ್ಲ ಅತ್ತೆ.”

“ಚೀಟಿಯ ಮೇಲಿರೋ ಕೈ ಅವನ್ನ ಸವರಿಲ್ಲ. ಬಯಲು ತೋಟದ ಪೀಪಾಯಿಗೆ ಸೇರಿಸು.”

ಅವಳು ಬರೆದಳು. ಪೆನ್ನು ಎತ್ತಿ ಹಿಡಿದು ಕೇಳಿದಳು. “ಕಾರಣ ಏನಂತ ಬರೀಲಿ? ಹಿಮ ಬಿತ್ತು ಅಂತ ಬರೀಲಾ? ಯಾರೂ ಕೇಳಲ್ಲ.”

“ಹಿಮದ ಮೇಲೆ ಯಾಕೆ ಹಾಕ್ತೀಯ? ಅದೇನು ಮಾಡಿತ್ತು? ಯಜಮಾನಿ ತಪ್ಪಾಗಿ ಸವರಿದಳು ಅಂತ ಬರಿ.”

ಬರೆದಳು. ಸಹಿ ಎಲ್ಲಿ ಹಾಕಬೇಕೆಂದು ನನ್ನ ಬೆರಳನ್ನು ಹಿಡಿದು ಆ ಜಾಗದ ಮೇಲೆ ಇಟ್ಟಳು. ಹಾಕಿದೆ. ಹನ್ನೊಂದರ ಅಂಚೆಗೆ ಹೋಯಿತು.